4294967297: ಅವಿಭಾಜ್ಯ ಎಂದು ನಂಬಿದ್ದ ಒಂದು ಸಂಖ್ಯೆಯ ಪ್ರಕರಣ

ಈ ಬರಹದಲ್ಲಿ ಇರುವುದು ಒಂದೇ ಒಂದು ಸಂಖ್ಯೆ: 4294967297. ಓದುವುದಾದರೆ 429 ಕೋಟಿ 49 ಲಕ್ಷ 67 ಸಾವಿರದ 297. ಒಟ್ಟು ಹತ್ತು ಅಂಕೆ. ಸುಮ್ನೆ ನೋಡಿದರೆ ಯಾವ ವಿಶೇಷವೂ ಕಾಣುವುದಿಲ್ಲ. ಆದರೆ 1640ರಿಂದ 1732ರವರೆಗೆ, ಅಂದ್ರೆ 92 ವರ್ಷ, ಇದನ್ನು ಅವಿಭಾಜ್ಯ ಎಂದು ನಂಬಲು ಒಬ್ಬ ದೊಡ್ಡ ಗಣಿತಜ್ಞರ ಮಾತೇ ಆಧಾರವಾಗಿತ್ತು. ಆ ಮಾತು ತಪ್ಪಾಗಿತ್ತು.

ಹತ್ತು ಅಂಕೆಯ ಸಂಖ್ಯೆಯನ್ನು ಫೋನಿನಲ್ಲಿ ಒತ್ತಿದರೆ ಇವತ್ತು ಕ್ಷಣದಲ್ಲಿ ಉತ್ತರ ಬರುತ್ತದೆ. ನನಗೆ ಬೇಕಾಗಿರುವುದು ಆ ಉತ್ತರ ಅಲ್ಲ. ಒಂದು ಸಂಖ್ಯೆ ಯಾವ ಗುಂಪಿಗೆ ಸೇರುತ್ತದೆ ಎಂದು ಹೇಳಬೇಕಾದರೆ ಎಲ್ಲಿ ನೋಡಬೇಕು? ಈ ಪ್ರಕರಣದಲ್ಲಿ ಸಂಖ್ಯೆಯನ್ನೇ ದಿಟ್ಟಿಸಿದವರಿಗೆ ಏನೂ ಸಿಗಲಿಲ್ಲ. ಅದನ್ನು ಭಾಗಿಸುವ ಸಂಖ್ಯೆ ಯಾವ ಆಕಾರದಲ್ಲಿ ಇರಬೇಕು ಎಂದು ಕೇಳಿದವರಿಗೆ ಬೇಗ ಸಿಕ್ಕಿತು.

ಹುಟ್ಟಿದ ಬಗೆ

3ರಿಂದ ಶುರು ಮಾಡಿ. ಒಂದು ಕಳೆಯಿರಿ, ವರ್ಗ ಮಾಡಿ, ಒಂದು ಕೂಡಿಸಿ. 2ರ ವರ್ಗ 4, ಒಂದು ಕೂಡಿಸಿದರೆ 5. ಮತ್ತೆ ಅದೇ: 4ರ ವರ್ಗ 16, ಬಂದದ್ದು 17. ಮುಂದೆ 257. ಅದರ ಮುಂದೆ 65537. ಇನ್ನೊಂದು ಹೆಜ್ಜೆ ಇಟ್ಟರೆ 65536ರ ವರ್ಗಕ್ಕೆ ಒಂದು ಕೂಡಿಸಬೇಕು. ಅದೇ ನಮ್ಮ 4294967297. ಘಾತದಲ್ಲಿ ಬರೆದರೆ 2³² + 1.

ಈ ಸಾಲಿಗೆ ಫರ್ಮಾ ಸಂಖ್ಯೆಗಳು ಎಂದು ಹೆಸರು. ಎಣಿಕೆ ಸೊನ್ನೆಯಿಂದ ಶುರು: 3 ಅಂದ್ರೆ ಫ0, 65537 ಅಂದ್ರೆ ಫ4, ನಮ್ಮದು ಫ5.

ಮೊದಲ ಐದೂ ಅವಿಭಾಜ್ಯ. 1640ರಲ್ಲಿ ಪಿಯರ್ ಡಿ ಫರ್ಮಾ ತಮ್ಮ ಪತ್ರಗಳಲ್ಲಿ ಈ ಸಾಲಿನ ಎಲ್ಲ ಸಂಖ್ಯೆಗಳೂ ಅವಿಭಾಜ್ಯವೇ ಎಂಬ ನಂಬಿಕೆ ತೋಡಿಕೊಂಡರು. ಅದರ ಸಾಧನೆ, ಅಂದ್ರೆ ರುಜುವಾತು, ತಮ್ಮ ಕೈಯಲ್ಲಿ ಇಲ್ಲ ಎಂದೂ ಬರೆದರು. ಐದಕ್ಕೆ ಐದು ಸರಿ ಬಂದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ, ಅಲ್ವಾ? ಅದರಲ್ಲೂ 65537 ಸಣ್ಣ ಸಂಖ್ಯೆಯೇನಲ್ಲ.

ಮೊದಲ ತಪಾಸಣೆ

ಶಾಲೆಯಲ್ಲಿ ಕಲಿತ ಭಾಜ್ಯತೆಯ ನಿಯಮಗಳನ್ನು ಹಾಕಿ ನೋಡೋಣ. ಕೊನೆಯ ಅಂಕೆ 7. ಹಾಗಾಗಿ 2 ಮತ್ತು 5 ಇಲ್ಲ. ಅಂಕೆಗಳ ಮೊತ್ತ 59, ಆದ್ದರಿಂದ 3 ಇಲ್ಲ. ಒಂದು ಬಿಟ್ಟು ಒಂದು ಅಂಕೆಯನ್ನು ಕೂಡಿ ಕಳೆದರೆ 17 ಉಳಿಯುತ್ತದೆ, 11 ಕೂಡ ಇಲ್ಲ. ಸುಲಭದ ಬಾಗಿಲುಗಳೆಲ್ಲ ಮುಚ್ಚಿವೆ.

ಇನ್ನು ಉಳಿದದ್ದು ಒಂದೊಂದಾಗಿ ಭಾಗಿಸಿ ನೋಡುವುದು. ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟು ಜಾಸ್ತಿ. ಅಲ್ಲಿಯವರೆಗೆ 6542 ಅವಿಭಾಜ್ಯ ಸಂಖ್ಯೆಗಳಿವೆ. ಕೈಲೆಕ್ಕದಲ್ಲಿ ಅಷ್ಟೂ ಭಾಗಾಕಾರ ಮಾಡುವುದು ಯಾರಿಗೂ ಬೇಡದ ಕೆಲಸ. ಆದರೆ ಸಿಗಬೇಕಾದ ಸಂಖ್ಯೆ ಅಷ್ಟು ದೂರ ಇರಲಿಲ್ಲ. ಅದು 641. ಅವಿಭಾಜ್ಯಗಳ ಸಾಲಿನಲ್ಲಿ 116ನೆಯದು. ಯಾವ ಸಿದ್ಧಾಂತವೂ ಇಲ್ಲದೆ, ಬರೀ ತಾಳ್ಮೆಯಿಂದ 2, 3, 5, 7 ಎಂದು ಭಾಗಿಸುತ್ತಾ ಹೋದವರಿಗೂ 116ನೇ ಸಲ ಶೇಷ ಸೊನ್ನೆ ಸಿಗುತ್ತಿತ್ತು.

ಫರ್ಮಾ ಅವರದೇ ಇನ್ನೊಂದು ವಿಧಾನವಿದೆ: ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆದು ಅಪವರ್ತನ ಹುಡುಕುವುದು. ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದರೆ ಅದು ಬಹಳ ಚುರುಕು. ಇಲ್ಲಿ ಮಾತ್ರ ಅದು ನಡೆಯುವುದಿಲ್ಲ. ನಮ್ಮ ಸಂಖ್ಯೆ 3350529ರ ವರ್ಗದಿಂದ 3349888ರ ವರ್ಗ ಕಳೆದಷ್ಟು. 65537ರಿಂದ ಒಂದೊಂದೇ ಏರುತ್ತಾ 3350529 ಮುಟ್ಟಬೇಕಾದರೆ 32 ಲಕ್ಷಕ್ಕೂ ಜಾಸ್ತಿ ಪ್ರಯತ್ನ ಬೇಕು.

ಒಂದು ಪತ್ರ, ಆಮೇಲೆ ಆಯ್ಲರ್

1729ರ ಡಿಸೆಂಬರ್‌ನಲ್ಲಿ ಕ್ರಿಸ್ಟಿಯನ್ ಗೋಲ್ಡ್‌ಬಾಕ್ ಒಂದು ಪತ್ರದ ಕೊನೆಯಲ್ಲಿ ಲಿಯೊನಾರ್ಡ್ ಆಯ್ಲರ್ ಅವರನ್ನು ಕೇಳಿದರು: ಫರ್ಮಾ ಹೇಳಿದ ಈ ಮಾತು ನಿಮಗೆ ಗೊತ್ತಾ? ಆಯ್ಲರ್ ಮೊದಲು ಅಷ್ಟೇನೂ ತಲೆ ಹಾಕಲಿಲ್ಲ. 1732ರಲ್ಲಿ, 25ನೇ ವಯಸ್ಸಿನಲ್ಲಿ, ಉತ್ತರ ಕೊಟ್ಟರು: ಫ5 ಅನ್ನು 641 ಭಾಗಿಸುತ್ತದೆ. ಅದು ಸಿಕ್ಕಿದ್ದು ಹೇಗೆ ಎಂದು ಆ ಬರಹದಲ್ಲಿ ಬಿಡಿಸಿ ಹೇಳಲಿಲ್ಲ. ಆ ದಾರಿಯನ್ನು ಮುಂದೆ ಇನ್ನೊಂದು ಬರಹದಲ್ಲಿ ತೋರಿಸಿದರು. ಪ್ರಕರಣದ ಜೀವಾಳ ಅಲ್ಲೇ ಇದೆ. ಅದಕ್ಕೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಯಾವುದೋ ಒಂದು ಅವಿಭಾಜ್ಯ ಸಂಖ್ಯೆ 2³² + 1 ಅನ್ನು ಭಾಗಿಸುತ್ತದೆ ಎಂದುಕೊಳ್ಳಿ. ಅದನ್ನು ‘ಪ’ ಎಂದು ಕರೆಯೋಣ. ಆಗ 2³²ನ್ನು ಪ ಇಂದ ಭಾಗಿಸಿದರೆ ಶೇಷ −1, ಅಂದ್ರೆ ನಿಶ್ಶೇಷವಾಗಲು ಒಂದು ಕಡಿಮೆ. ಅದನ್ನು ವರ್ಗ ಮಾಡಿದರೆ 2⁶⁴ರ ಶೇಷ 1. ಈಗ 2, 4, 8, 16 ಎಂದು ಘಾತಗಳ ಶೇಷಗಳನ್ನು ಸಾಲಾಗಿ ಬರೆಯಿರಿ. ಎಲ್ಲೋ ಒಂದು ಕಡೆ 1 ಬರುತ್ತದೆ, ಅಲ್ಲಿಂದ ಅದೇ ಸುತ್ತು ಮತ್ತೆ ಶುರುವಾಗುತ್ತದೆ. ಸುತ್ತಿನ ಉದ್ದ 64 ಅಥವಾ 64ರ ಒಂದು ಅಪವರ್ತನ ಆಗಿರಬೇಕು. 64ಕ್ಕಿಂತ ಚಿಕ್ಕದಾಗಿದ್ದರೆ 32ನೇ ಜಾಗದಲ್ಲೂ 1 ಬಂದಿರುತ್ತಿತ್ತು. ಆದರೆ ಅಲ್ಲಿ ಕೂತಿರುವುದು −1. ಹಾಗಾಗಿ ಸುತ್ತಿನ ಉದ್ದ ಸರಿಯಾಗಿ 64.

ಇನ್ನು ಫರ್ಮಾ ಅವರ ಕಿರು ಪ್ರಮೇಯ ಏನು ಹೇಳುತ್ತದೆ? ಪ − 1ನೇ ಜಾಗದಲ್ಲಿ 1 ಇರಲೇಬೇಕು. ಅಂದ್ರೆ ಪ − 1 ಎಂಬುದು 64ರ ಮಗ್ಗಿಯಲ್ಲಿ ಬರಬೇಕು. ಭಾಜಕ ಇದ್ದರೆ ಅದು 64ರ ಮಗ್ಗಿಗೆ ಒಂದು ಕೂಡಿಸಿದ ಆಕಾರದಲ್ಲೇ ಇರಬೇಕು. ಬೇರೆ ಯಾವುದನ್ನೂ ಮುಟ್ಟಿ ನೋಡಬೇಕಿಲ್ಲ.

ಮಗ್ಗಿ ಹೇಳುತ್ತಾ ಹೋಗಿ: 65, 129, 193, 257, 321, 385, 449, 513, 577, 641. ಇವುಗಳಲ್ಲಿ ಅವಿಭಾಜ್ಯ ಐದೇ. 193ರಿಂದ ಭಾಗಿಸಿದರೆ ಶೇಷ 109. 257ಕ್ಕೆ ಶೇಷ 2. 449ಕ್ಕೆ 325. 577ಕ್ಕೆ 288. 641ಕ್ಕೆ ಸೊನ್ನೆ. 6542 ಭಾಗಾಕಾರ ಇದ್ದ ಜಾಗದಲ್ಲಿ ಐದು!

1878ರಲ್ಲಿ ಎಡ್ವರ್ಡ್ ಲೂಕಾ ಇದನ್ನು ಇನ್ನೂ ಬಿಗಿ ಮಾಡಿದರು. ಅವರ ಪ್ರಕಾರ 64ರ ಬದಲು 128ರ ಮಗ್ಗಿ ಸಾಕು. ಆಗ 129, 257, 385, 513, 641. ಅವಿಭಾಜ್ಯ ಉಳಿಯುವುದು 257 ಮತ್ತು 641 ಮಾತ್ರ. 257 ಇದೇ ಸಾಲಿನ ಫ3. ಎರಡು ಬೇರೆ ಬೇರೆ ಫರ್ಮಾ ಸಂಖ್ಯೆಗಳಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರುವುದಿಲ್ಲ ಎಂಬುದನ್ನು ಗೋಲ್ಡ್‌ಬಾಕ್ 1730ರಲ್ಲೇ ತೋರಿಸಿದ್ದರು. ಹಾಗಾಗಿ ಅದನ್ನೂ ಬಿಟ್ಟುಬಿಡಬಹುದು. ಮೊದಲು ಪರೀಕ್ಷಿಸಬೇಕಾದ ಸಂಖ್ಯೆಯೇ 641.

ನನ್ನನ್ನು ಕಾಡುವುದು ಇಲ್ಲಿ ಒಂದು ವಿಷಯ. ಕಿರು ಪ್ರಮೇಯ ಫರ್ಮಾ ಅವರದೇ. ಅದನ್ನು ಪತ್ರದಲ್ಲಿ ಬರೆದದ್ದೂ 1640ರಲ್ಲೇ. ಅದೇ ವರ್ಷ ಅವರು 2³⁷ − 1 ಅನ್ನು 223 ಭಾಗಿಸುತ್ತದೆ ಎಂದು ಕಂಡುಕೊಂಡಿದ್ದರು. ಅಲ್ಲಿ ಬಳಸಿದ್ದು ಇದೇ ಉಪಾಯ: ಭಾಜಕ 74ರ ಮಗ್ಗಿಗೆ ಒಂದು ಕೂಡಿಸಿದ ಆಕಾರದಲ್ಲಿರಬೇಕು, 75, 149, 223. ಬೀಗದ ಕೈ ಜೇಬಿನಲ್ಲೇ ಇತ್ತು.

641ನ್ನು ಕಾಗದದ ಮೇಲೆ ನೋಡುವುದು

ಈ ಭಾಗವನ್ನು ನೀವೂ ಪೆನ್ನು ಹಿಡಿದು ಮಾಡಿ ನೋಡಿ. ದೊಡ್ಡ ಸಂಖ್ಯೆಯನ್ನು ಬರೆಯುವ ಅಗತ್ಯವೇ ಇಲ್ಲ. 2¹⁶ ಅಂದ್ರೆ 65536. 641 × 102 = 65382. ಶೇಷ 154. 2³²ಕ್ಕೆ ಬೇಕಾದದ್ದು ಇದರ ವರ್ಗ: 154 × 154 = 23716. ಈಗ 641 × 37 ಮಾಡಿ. 23717. ಒಂದೇ ಒಂದು ಕಡಿಮೆ ಬಿತ್ತು. ನಮ್ಮ ಸಂಖ್ಯೆ 2³²ಕ್ಕಿಂತ ಒಂದು ಹೆಚ್ಚು. ಆ ಒಂದು ಇಲ್ಲಿ ಬಂದು ಕೂತರೆ ಭಾಗಾಕಾರ ನಿಶ್ಶೇಷ.

ಇದಕ್ಕಿಂತ ಚಂದದ ದಾರಿ ಇನ್ನೊಂದಿದೆ. 641ನ್ನು ಎರಡು ಥರ ಬರೆಯಬಹುದು. ಒಂದು, 5 × 128 + 1. ಇನ್ನೊಂದು, 625 + 16, ಅಂದ್ರೆ 5⁴ + 2⁴. ಮೊದಲನೆಯದರಿಂದ 5 × 2⁷ರ ಶೇಷ −1. ಅದನ್ನು ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ರ ಶೇಷ 1. ಎರಡನೆಯದು 5⁴ರ ಜಾಗದಲ್ಲಿ −2⁴ ಹಾಕಬಹುದು ಎನ್ನುತ್ತದೆ. ಹಾಕಿದರೆ −2³²ರ ಶೇಷ 1. ಅಂದ್ರೆ 2³² + 1 ಅನ್ನು 641 ಭಾಗಿಸುತ್ತದೆ. ಒಂದೂ ದೊಡ್ಡ ಗುಣಾಕಾರ ಇಲ್ಲ. ಎಷ್ಟು ಸಲ ಓದಿದರೂ ನನಗೆ ಇದು ಹಳೆಯದಾಗುವುದಿಲ್ಲ.

ಜೆರಾ ಕೋಲ್ಬರ್ನ್ ಎಂಬ ಅಮೆರಿಕದ ಹುಡುಗ 1812ರ ಸುಮಾರಿಗೆ ಲಂಡನ್ನಿನಲ್ಲಿ ಇದೇ ಸಂಖ್ಯೆಯ ಅಪವರ್ತನವನ್ನು ಬಾಯಿಲೆಕ್ಕದಲ್ಲೇ ಹೇಳಿದ ಎಂದು ಆ ಕಾಲದ ವರದಿಗಳು ಹೇಳುತ್ತವೆ. ಆಗ ಅವನಿಗೆ ಎಂಟು ವರ್ಷ.

ಉಳಿದ ತುಂಡು

641ರಿಂದ ಭಾಗಿಸಿದರೆ ಭಾಗಲಬ್ಧ 6700417. ಇದು ಇನ್ನೂ ಒಡೆಯುತ್ತದಾ? ಈ ಪ್ರಶ್ನೆಗೆ ಉತ್ತರ ಸಿಗದೆ ವರ್ಗೀಕರಣ ಮುಗಿಯುವುದಿಲ್ಲ. ಇಲ್ಲೂ ಅದೇ ಉಪಾಯ ಕೆಲಸಕ್ಕೆ ಬರುತ್ತದೆ. ಏಕೆಂದರೆ 6700417ರ ಯಾವ ಅವಿಭಾಜ್ಯ ಭಾಜಕವೂ ಫ5ರ ಭಾಜಕವೇ. ಅದೂ 128ರ ಮಗ್ಗಿಗೆ ಒಂದು ಕೂಡಿಸಿದ ಆಕಾರದಲ್ಲೇ ಇರಬೇಕು.

ವರ್ಗಮೂಲ ಸುಮಾರು 2588. ಅಲ್ಲಿಯವರೆಗೆ ಆ ಆಕಾರದ ಅವಿಭಾಜ್ಯಗಳು ಐದು: 257, 641, 769, 1153, 1409. ಶೇಷಗಳು ಕ್ರಮವಾಗಿ 170, 44, 120, 334, 622. ಒಂದೂ ಸೊನ್ನೆ ಇಲ್ಲ. ಆದ್ದರಿಂದ 6700417 ಅವಿಭಾಜ್ಯ. ಎಪ್ಪತ್ತು ಲಕ್ಷದ ಹತ್ತಿರದ ಒಂದು ಸಂಖ್ಯೆ ಅವಿಭಾಜ್ಯ ಎಂದು ಐದು ಭಾಗಾಕಾರದಲ್ಲಿ ಖಚಿತವಾಗಿ ಹೇಳಲು ಸಾಧ್ಯವಾಗಿದ್ದು ಅದು ಹುಟ್ಟಿದ ಮನೆ ಗೊತ್ತಿದ್ದ ಕಾರಣಕ್ಕೆ.

ಯಾವ ಯಾವ ಗುಂಪು

ಈಗ ಪಟ್ಟಿ ಬೇಗ ತುಂಬುತ್ತದೆ. ಸಂಯುಕ್ತ ಸಂಖ್ಯೆ. ಎರಡೇ ಅವಿಭಾಜ್ಯಗಳ ಗುಣಲಬ್ಧ, ಹಾಗಾಗಿ ಅರೆ ಅವಿಭಾಜ್ಯ. ಎರಡೂ ಬೇರೆ ಬೇರೆ ಆದ್ದರಿಂದ 1 ಬಿಟ್ಟು ಯಾವ ವರ್ಗಸಂಖ್ಯೆಯೂ ಇದನ್ನು ಭಾಗಿಸುವುದಿಲ್ಲ. ಭಾಜಕಗಳು ನಾಲ್ಕು: 1, 641, 6700417 ಮತ್ತು ಅದೇ ಸಂಖ್ಯೆ. ತನ್ನನ್ನು ಬಿಟ್ಟು ಉಳಿದ ಮೂರರ ಮೊತ್ತ 6701059. ಪರಿಪೂರ್ಣ ಸಂಖ್ಯೆ ಆಗಬೇಕಿದ್ದರೆ ಈ ಮೊತ್ತ ಆ ಸಂಖ್ಯೆಗೇ ಸಮ ಇರಬೇಕಿತ್ತು. ಇದು ಅದರ ಆರುನೂರನೇ ಒಂದು ಭಾಗವೂ ಇಲ್ಲ. ಹಾಗಾಗಿ ಕೊರತೆಯ ಸಂಖ್ಯೆ. 1ರಿಂದ ಇದರವರೆಗಿನ ಸಂಖ್ಯೆಗಳಲ್ಲಿ ಇದರ ಜೊತೆ ಸಹ ಅವಿಭಾಜ್ಯ ಆಗಿರುವವು (1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದವು) 640 × 6700416, ಅಂದ್ರೆ 4288266240.

ದ್ವಿಮಾನ ಪದ್ಧತಿಯಲ್ಲಿ ಬರೆದರೆ ಒಂದು 1, ನಡುವೆ 31 ಸೊನ್ನೆ, ಕೊನೆಗೆ ಇನ್ನೊಂದು 1. ಹಿಂದಿನಿಂದ ಓದಿದರೂ ಅದೇ. ಹತ್ತರ ಪದ್ಧತಿಯಲ್ಲಿ ಅಡಗಿದ್ದ ರೂಪ ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಒಂದು ಪರೀಕ್ಷೆ ಪಾಸು, ಇನ್ನೊಂದು ಫೇಲು

ಅವಿಭಾಜ್ಯತೆ ನೋಡಲು ಕಿರು ಪ್ರಮೇಯವನ್ನೇ ಪರೀಕ್ಷೆಯಾಗಿ ಬಳಸುವುದುಂಟು. ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೆ 2ನ್ನು ಏರಿಸಿ, ಅದೇ ಸಂಖ್ಯೆಯಿಂದ ಭಾಗಿಸಿ. ಶೇಷ 1 ಬರದಿದ್ದರೆ ಆ ಸಂಖ್ಯೆ ಖಂಡಿತ ಅವಿಭಾಜ್ಯ ಅಲ್ಲ. ಬಂದರೆ? ಬಹಳ ಸಲ ಅವಿಭಾಜ್ಯವೇ ಆಗಿರುತ್ತದೆ, ಆದರೆ ಯಾವಾಗಲೂ ಅಲ್ಲ.

ಫ5 ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. 2³²ರ ಶೇಷ −1, 2⁶⁴ರ ಶೇಷ 1. ಏರಿಸಬೇಕಾದ ಘಾತ 4294967296, ಅದು 64ರ ಮಗ್ಗಿಯಲ್ಲೇ ಇದೆ. ಹಾಗಾಗಿ ಶೇಷ 1 ಬರಲೇಬೇಕು. ಇಂಥವನ್ನು 2ರ ಆಧಾರದ ಹುಸಿ ಅವಿಭಾಜ್ಯ ಎನ್ನುತ್ತಾರೆ. ಈ ಗುಂಪಿನ ಅತಿ ಚಿಕ್ಕ ಸದಸ್ಯ 341, ಅಂದ್ರೆ 11 × 31. ಗಮನಿಸಿ, ಫರ್ಮಾ ಸಾಲಿನ ಯಾವ ಸಂಖ್ಯೆಯೂ 2ರ ಈ ಪರೀಕ್ಷೆಯಲ್ಲಿ ಫೇಲಾಗುವುದೇ ಇಲ್ಲ. 2ರಿಂದಲೇ ಹುಟ್ಟಿದ ಸಂಖ್ಯೆಯ ಬಗ್ಗೆ 2ನ್ನೇ ಸಾಕ್ಷಿ ಕರೆದರೆ ಅದು ಇನ್ನೇನು ಹೇಳೀತು?

ಸಾಕ್ಷಿಯನ್ನು ಬದಲಿಸಬೇಕು. 1877ರಲ್ಲಿ ಪೆಪಾಂ ಎಂಬ ಫ್ರೆಂಚ್ ಗಣಿತಜ್ಞರು ಕೊಟ್ಟ ಪರೀಕ್ಷೆ 3ನ್ನು ಕರೆಯುತ್ತದೆ. 3ನ್ನು ತೆಗೆದುಕೊಳ್ಳಿ. ವರ್ಗ ಮಾಡಿ, ಫ5ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಹೀಗೆ ಒಟ್ಟು 31 ಸಲ. ಕೊನೆಗೆ 4294967296 ಬಂದರೆ ಅವಿಭಾಜ್ಯ, ಬೇರೆ ಏನೇ ಬಂದರೂ ಸಂಯುಕ್ತ. ಇಲ್ಲಿ ಬರುವುದು 10324303. ಭಾಜಕ ಒಂದೂ ಗೊತ್ತಿಲ್ಲದೆ ತೀರ್ಪು ಬಂತು. ‘ಒಡೆಯುತ್ತದೆ’ ಎಂದು ತಿಳಿಯುವುದು ಬೇರೆ, ‘ಇಲ್ಲಿ ಒಡೆಯುತ್ತದೆ’ ಎಂದು ತೋರಿಸುವುದು ಬೇರೆ.

ಎರಡು ವರ್ಗಗಳ ಮೊತ್ತ, ಎರಡು ಸಲ

ಈ ಸಂಖ್ಯೆ ಎರಡು ವರ್ಗಗಳ ಮೊತ್ತ ಎಂಬುದು ಹುಟ್ಟಿನಿಂದಲೇ ಗೊತ್ತು: 65536² + 1². ನಾಲ್ಕರಿಂದ ಭಾಗಿಸಿದರೆ 1 ಉಳಿಯುವ ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದು. ಎರಡನೇ ರೀತಿ ಸಿಕ್ಕರೆ ಅದು ಅವಿಭಾಜ್ಯವೇ ಅಲ್ಲ.

ಫ5ಕ್ಕೆ ಎರಡನೇ ರೀತಿ ಇದೆ: 62264² + 20449². ಕೂಡಿ ನೋಡಿ. 3876805696 ಮತ್ತು 418161601, ಒಟ್ಟು 4294967297.

ಇಷ್ಟರಿಂದಲೇ ಅಪವರ್ತನವನ್ನು ಹೊರಗೆ ಎಳೆಯಬಹುದು. ಸಮ ಸಂಖ್ಯೆಗಳನ್ನು ಒಂದು ಜೋಡಿ, ಬೆಸ ಸಂಖ್ಯೆಗಳನ್ನು ಇನ್ನೊಂದು ಜೋಡಿ ಮಾಡಿ. ಸಮ ಜೋಡಿಯ ವ್ಯತ್ಯಾಸ 65536 − 62264 = 3272. ಬೆಸ ಜೋಡಿಯ ವ್ಯತ್ಯಾಸ 20448. ಇವೆರಡರ ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) 8. ಇನ್ನು ಮೊತ್ತಗಳು: 127800 ಮತ್ತು 20450. ಇವುಗಳ ಮ.ಸಾ.ಅ. 50. ಎರಡನ್ನೂ ಅರ್ಧ ಮಾಡಿ: 4 ಮತ್ತು 25. ವರ್ಗ ಮಾಡಿ ಕೂಡಿಸಿ: 16 + 625. ಬಂದದ್ದು 641. ಒಂದು ಸಲವೂ ಭಾಗಿಸಿ ಪರೀಕ್ಷೆ ಮಾಡಲಿಲ್ಲ, ಆದರೂ ಅದೇ ಸಂಖ್ಯೆ ಬಂದು ನಿಂತಿತು.

ಅಕ್ಕಪಕ್ಕದವರು

ಈ ಸಂಖ್ಯೆಯ ಎಡಗಡೆ ಇರುವ 4294967296 ಬರೀ 2ರ ಘಾತ. ಹಳೆಯ ಇಂಟರ್‌ನೆಟ್ ವಿಳಾಸ ಪದ್ಧತಿಯಲ್ಲಿ ಸಾಧ್ಯವಿರುವ ವಿಳಾಸಗಳ ಸಂಖ್ಯೆ ಅದೇ. 32 ಬಿಟ್‌ಗಳ ಜಾಗದಲ್ಲಿ ನಮ್ಮ ಸಂಖ್ಯೆಯನ್ನು ತುರುಕಿದರೆ ಮೇಲಿನ ಬಿಟ್ ಬಿದ್ದುಹೋಗಿ ಬರೀ 1 ಉಳಿಯುತ್ತದೆ.

ಅದಕ್ಕೂ ಹಿಂದಿನದು ಇನ್ನೂ ಸ್ವಾರಸ್ಯ. 4294967295 = 3 × 5 × 17 × 257 × 65537. ಮೊದಲ ಐದು ಫರ್ಮಾ ಸಂಖ್ಯೆಗಳ ಗುಣಲಬ್ಧ, ಫ5ಕ್ಕಿಂತ ಸರಿಯಾಗಿ ಎರಡು ಕಡಿಮೆ. ಗೋಲ್ಡ್‌ಬಾಕ್ ಮಾತು ಇಲ್ಲೇ ಸಾಬೀತಾಗುತ್ತದೆ: ಆ ಐದರಲ್ಲಿ ಯಾವುದಾದರೂ ಫ5ನ್ನೂ ಭಾಗಿಸಿದರೆ ವ್ಯತ್ಯಾಸವಾದ 2ನ್ನೂ ಭಾಗಿಸಬೇಕು. ಅವೆಲ್ಲ ಬೆಸ, ಹಾಗಾಗಿ ಆಗುವುದಿಲ್ಲ.

1796ರಲ್ಲಿ ಗೌಸ್ 17 ಬಾಹುಗಳ ನಿಯಮಿತ ಬಹುಭುಜವನ್ನು ಕೈವಾರ ಮತ್ತು ಅಳತೆ ಗುರುತಿಲ್ಲದ ಪಟ್ಟಿಯಿಂದಲೇ ರಚಿಸಬಹುದು ಎಂದು ತೋರಿಸಿದರು. ಬೆಸ ಸಂಖ್ಯೆಯ ಬಾಹುಗಳಾದರೆ, ಬೇರೆ ಬೇರೆ ಅವಿಭಾಜ್ಯ ಫರ್ಮಾ ಸಂಖ್ಯೆಗಳ ಗುಣಲಬ್ಧ ಆಗಿದ್ದಾಗ ಮಾತ್ರ ರಚನೆ ಸಾಧ್ಯ. ‘ಮಾತ್ರ’ ಎಂಬ ಭಾಗದ ಸಾಧನೆ 1837ರಲ್ಲಿ ವಾಂಟ್‌ಜೆಲ್ ಕೊಟ್ಟರು. ಈ ನಿಯಮದ ಪ್ರಕಾರ 4294967295 ಬಾಹುಗಳ ಬಹುಭುಜ ಸಾಧ್ಯ. ಇವತ್ತಿನವರೆಗೆ ಗೊತ್ತಿರುವ ಅಂಥ ಬೆಸ ಬಹುಭುಜಗಳಲ್ಲಿ ಅದೇ ದೊಡ್ಡದು. ಇನ್ನೆರಡು ಬಾಹು ಸೇರಿಸಿ 4294967297 ಮಾಡಿದರೆ ಸಾಧ್ಯವಿಲ್ಲ. 641 ಅಡ್ಡ ಬರುತ್ತದೆ.

ಸಾಲಿನ ಮುಂದಿನ ಕಥೆ

ಫ5 ಒಡೆದ ಮೇಲೆ ಅದರ ಮುಂದಿನವೂ ಒಂದೊಂದಾಗಿ ಒಡೆದವು. ಫ6ನ್ನು 274177 ಭಾಗಿಸುತ್ತದೆ. ಫ5ರಿಂದ ಫ32ರವರೆಗೆ ಎಲ್ಲವೂ ಸಂಯುಕ್ತ ಎಂದು ಈಗ ಗೊತ್ತು. 65537ರ ನಂತರ ಇನ್ನೊಂದು ಅವಿಭಾಜ್ಯ ಈ ಸಾಲಿನಲ್ಲಿ ಸಿಕ್ಕಿಲ್ಲ. ಫ20 ಮತ್ತು ಫ24 ಪೆಪಾಂ ಪರೀಕ್ಷೆಯಲ್ಲಿ ಫೇಲಾಗಿವೆ. ಆದರೆ ಅವುಗಳ ಒಂದು ಭಾಜಕವೂ ಕೈಗೆ ಬಂದಿಲ್ಲ.

ಅವಿಭಾಜ್ಯವೋ ಸಂಯುಕ್ತವೋ ಇನ್ನೂ ಗೊತ್ತಿಲ್ಲದವುಗಳಲ್ಲಿ ಮೊದಲನೆಯದು ಫ33. ಅದರ ಉದ್ದ ಸುಮಾರು 258 ಕೋಟಿ ಅಂಕೆ. ಪೆಪಾಂ ಪರೀಕ್ಷೆ ಮಾಡಬೇಕಾದರೆ ಅಷ್ಟು ಉದ್ದದ ಸಂಖ್ಯೆಗಳನ್ನು 850 ಕೋಟಿಗೂ ಜಾಸ್ತಿ ಸಲ ವರ್ಗ ಮಾಡಬೇಕು. ಹಾಗಾಗಿ ಅಲ್ಲೂ ಹುಡುಕುವವರು ಭಾಜಕದ ಆಕಾರವನ್ನೇ ನೋಡುತ್ತಾರೆ. ಲೂಕಾ ನಿಯಮದ ಪ್ರಕಾರ ಅದು 2³⁵ರ ಮಗ್ಗಿಗೆ ಒಂದು ಕೂಡಿಸಿದ ಸಂಖ್ಯೆ ಆಗಿರಬೇಕು. ಮೊದಲನೆಯದು 34359738369. ಅದು 3ರಿಂದ ಭಾಗವಾಗುತ್ತದೆ, ಆದ್ದರಿಂದ ಅದನ್ನು ಬಿಟ್ಟು ಎರಡನೆಯದಕ್ಕೆ ಹೋಗಬೇಕು.